ಪೆಟ್ಟಿಗಿಯೋ, ಭಿಂಗವೋ

ತವನಪ್ಪ ಕಾಕಾ ತೆಗೆದ ಫೋಟೋಗಳಲ್ಲಿ ಸತ್ತವರ ಮುಖ ಮಾತ್ರ ಸ್ವಚ್ಛವಾಗಿ ಕಾಣುತ್ತಿತ್ತು. ನಮ್ಮ ಲಿಂಗಾಯತರ ಮನೆಗಳಲ್ಲಿ ಹಿರಿಯರು ತೀರಿಕೊಂಡರೆ ಹಣೆಗೆ ವಿಭೂತಿ ಹಚ್ಚಿ, ಹೂವಿನ ಹಾರ ಹಾಕಿ, ಗೋಡೆಗೆ ಆನಿಸಿ ಕೂಡಿಸುತ್ತೇವೆ. ಅನುಕೂಲ ಇದ್ದವರು ಮಣ್ಣಿಗೆ ಒಯ್ಯುವ ಮುಂಚೆ ಫೋಟೋದವರನ್ನು ಕರೆಸಿ, ಮನೆಮಂದಿಯೆಲ್ಲ ಎರಡೂ ಬಾಜೂ ಕೂತು ಒಂದು ಫೋಟೋ ತೆಗೆಸಿಕೊಳ್ಳುತ್ತಾರೆ. ಕಾಕಾನ ಹಳೆಯ ಕ್ಯಾಮೆರಾಕ್ಕೆ ಒಂದು ಮುಖ ಹಿಡಿಯಲು ಬಹಳ ಹೊತ್ತು ಬೇಕಾಗುತ್ತಿತ್ತು. ಬದುಕಿದ್ದವರು ಅಷ್ಟು ಹೊತ್ತು ಎಲ್ಲಿ ಸುಮ್ಮನಿರುತ್ತಾರೆ? ಅಳುತ್ತಾರೆ, ಬಿಕ್ಕುತ್ತಾರೆ, ಸೆರಗಿನಿಂದ ಮೂಗು ಒರೆಸಿಕೊಳ್ಳುತ್ತಾರೆ. ಅವರ ಮುಖಗಳೆಲ್ಲ ನೀರು ಬಿದ್ದ ಶಾಯಿಯ ಹಾಗೆ ಕಲಸಿ ಹೋಗುತ್ತಿದ್ದವು. ನಡುವೆ ಕೂತ ಹಿರಿಯರು ಮಾತ್ರ ಮೀಸೆಯ ಕೂದಲು ಎಣಿಸಬಹುದು, ಹಾಗೆ ಬರುತ್ತಿದ್ದರು.

ಹೀಗಾಗಿ ಗೋಕಾಕದ ಮಂದಿ ಅವರಿಗೆ 'ಹೆಣದ ಫೋಟೋದ ತವನಪ್ಪ' ಎಂದು ಹೆಸರಿಟ್ಟಿದ್ದರು. ಮೂರು ಕಾಲಿನ ಸ್ಟ್ಯಾಂಡು ಹೆಗಲ ಮೇಲೆ ಇಟ್ಟುಕೊಂಡು ಅವರು ಓಣಿಯಲ್ಲಿ ಹೊರಟರೆ ಹೆಣ್ಣುಮಕ್ಕಳು ಕೂಸುಗಳನ್ನು ಒಳಗೆ ಎಳೆದುಕೊಂಡು, "ಯಾರ ಮನ್ಯಾಗ ಏನಾತೋ ಯವ್ವಾ" ಎಂದು ಬಾಗಿಲು ಮುಂದೆ ಮಾಡುತ್ತಿದ್ದರು. ಕಾಕಾನ ಮನಸ್ಸಿಗೆ ಅದು ಬಹಳ ಹತ್ತುತ್ತಿತ್ತು. ನನ್ನ ಮುಂದೆ ಕೂತು ಒಮ್ಮೆ ಹೇಳಿದರು: "ನೀಲವ್ವಾ, ನಾ ಏನ ಯಮನ ಕಾರಕೂನನೇನ? ಒಂದರೆ ನಗೂ ಮಾರಿ ತಗದ ಸಾಯಬೇಕ ನೋಡು."

ಅವರು ಜೈನರು, ನಾಗನೂರಿನವರು. ಹೊಲವನ್ನು ತಮ್ಮನಿಗೆ ಬಿಟ್ಟು, ಈ ವಿದ್ಯೆ ಕಲಿತು ಬಂದು, ನಮ್ಮ ಪಡಸಾಲೆಯ ಬಾಜೂಕಿನ ಖೋಲಿಯಲ್ಲಿ ಬಾಡಿಗೆಗೆ ಇದ್ದರು. ನಮ್ಮವರು ಸಾಲಿ ಮಾಸ್ತರು. ನಾನು ಮರಾಠಿ ನಾಲ್ಕನೇ ಇಯತ್ತೆ ಕಲಿತವಳು, ಓಣಿಯ ಅರ್ಧ ಮಂದಿಯ ಕಾಗದಗಳು ನನ್ನ ಕೈಯಿಂದಲೇ ಹೋಗುತ್ತಿದ್ದವು. ಕಾಕಾ ಮರಾಠಿ ಓದಬಲ್ಲವರು, ಬರೆಯಲು ಮಾತ್ರ ಅವರಿಗೂ ನಾನೇ ಬೇಕು. ಕಾಕಾನ ತಲೆಯ ಮೇಲೆ ಕರಿ ಟೊಪ್ಪಿಗೆ, ಮುಖದ ಮೇಲೆ ಸದಾ ಕಾಳಜಿ. ಖೋಲಿಗೆ ಕೀಲಿ ಹಾಕಿ ಜಗ್ಗಿ ನೋಡುವರು. ಅಗಸಿಯವರೆಗೆ ಹೋಗಿ ತಿರುಗಿ ಬಂದು ಮತ್ತೆ ಜಗ್ಗುವರು. "ಕಾಕಾ, ನಾ ಇಲ್ಲೇ ಕುಂತೇನಲ್ರಿ" ಎಂದರೆ, "ಖರೆ ಐತಿ ತಂಗಿ" ಎಂದು ಒಪ್ಪಿಕೊಂಡು ಮೂರನೇ ಸಲ ಜಗ್ಗುವರು. ಮದುವೆಗೆ ಒಂದು ಹುಡುಗಿ ನೋಡಿ ಬಂದು ಹ್ಞೂಂ ಅನ್ನಬೇಕೋ ಊಹೂಂ ಅನ್ನಬೇಕೋ ಎಂದು ಎರಡು ವರ್ಷ ವಿಚಾರ ಮಾಡಿದರಂತೆ. ಅಷ್ಟರಲ್ಲಿ ಆ ಹುಡುಗಿ ಬೇರೆ ಕಡೆ ಹೋಗಿ ಬಾಣಂತನವನ್ನೂ ಮುಗಿಸಿದ್ದಳು.

ಫೋಟೋ ತೆಗೆಯುವಾಗಿನ ಅವರ ಅವತಾರವನ್ನು ನೋಡಬೇಕಾಗಿತ್ತು. ಹೊತ್ತು ಅಳೆಯಲು ಗಡಿಯಾರ ಇರಲಿಲ್ಲ, ಮನಸ್ಸಿನಲ್ಲೇ ಣಮೋಕಾರ ಮಂತ್ರ ಹೇಳಿಕೊಳ್ಳುತ್ತಿದ್ದರು. ಬಿಸಿಲಿದ್ದರೆ ಎರಡು ಸಾಲು, ನೆರಳಿದ್ದರೆ ಪೂರ್ತಿ, ಪಡಸಾಲೆಯೊಳಗೆ ಆದರೆ ಎರಡು ಸಲ. ಅಲ್ಲಿಯವರೆಗೆ ಉಸಿರು ಬಿಡುತ್ತಿರಲಿಲ್ಲ. ತಮ್ಮ ಉಸಿರಿಗೆ ಎಲ್ಲಿ ಕ್ಯಾಮೆರಾದ ಪೆಟ್ಟಿಗೆ ನಡುಗುತ್ತದೋ ಎಂದು ಅಂಜಿಕೆ. ಎರಡೂ ಗಲ್ಲ ಪುಗ್ಗೆಯ ಹಾಗೆ ಉಬ್ಬಿ, ಕಣ್ಣು ಹೊರಗೆ ಬಂದು, ಮುಖ ಕೆಂಪಗಾಗಿ, ಮಂತ್ರ ಮುಗಿದ ಮೇಲೆ ಪೆಟ್ಟಿಗೆಯ ಮೂತಿಗೆ ಮುಚ್ಚಳ ಹಾಕಿ 'ಉಶ್' ಎಂದು ಬಿಡುವರು. ಸತ್ತವರ ಮನೆಯಲ್ಲಿಯೂ ಅದನ್ನು ನೋಡಿ ನಗು ತಡೆಯಲಾಗದೆ ಸೆರಗು ಬಾಯಿಗೆ ಇಟ್ಟುಕೊಂಡವರಿದ್ದಾರೆ.

ಇನ್ನು ನನ್ನ ಸಂಕಟ ಹೇಳಬೇಕು. ನನ್ನ ಚೊಚ್ಚಲ ಗಂಡುಮಗು ಒಂದೂವರೆ ವರ್ಷದ್ದಿದ್ದಾಗ ಜ್ವರದಲ್ಲಿ ಹೋಯಿತು. ಕೂಸುಗಳ ಫೋಟೋ ಯಾರು ತೆಗೆಸುತ್ತಾರೆ? ನಾಲ್ಕು ವರ್ಷವಾದ ಮೇಲೆ ಒಂದು ದಿನ ರೊಟ್ಟಿ ಬಡಿಯುತ್ತ ಕೂತಾಗ ಅವನ ಮುಖ ನೆನಪಿಸಿಕೊಳ್ಳಲು ಹೋದೆ. ಬರಲಿಲ್ಲ. ಕೈ, ಕಾಲು, ಉಡಿದಾರ ನೆನಪಾದವು. ಮುಖ ಮಾತ್ರ ಬರಲೇ ಇಲ್ಲ. ಹೆತ್ತ ತಾಯಿ ನಾನು! ಹಂಚಿನ ಮೇಲಿನ ರೊಟ್ಟಿ ಹೊತ್ತಿದ್ದೂ ಗೊತ್ತಾಗದ ಹಾಗೆ ಅತ್ತೆ. ಎರಡನೆಯವಳು ಶಾಂತಾ, ಆಗ ಮೂರು ವರ್ಷದವಳು. ಚಳಿ ಬಿದ್ದರೆ ಸಾಕು, ಅವಳ ಎದೆ ಸುಂಯ್ ಸುಂಯ್ ಅನ್ನುತ್ತಿತ್ತು. ಇವಳದೊಂದು ಫೋಟೋ ನನ್ನ ಹತ್ತಿರ ಇರಲೇಬೇಕು ಎಂದು ನನಗೆ ಹುಚ್ಚು ಹಿಡಿದಿತ್ತು.

ಕಾಕಾ ಅವಳನ್ನು ಕಟ್ಟೆಯ ಮೇಲೆ ಕೂಡಿಸಿ ಮೂರು ಸಲ ಪ್ರಯತ್ನ ಮಾಡಿದರು. ಅವಳು ಕಾಗೆ ನೋಡಿದಳು, ಕಾಲು ಬೀಸಿದಳು, ಕೆಮ್ಮಿದಳು. ಮರುದಿನ ಕೇಳಿದರೆ, "ಗಾಜಿನ ಪ್ಲೇಟ ಒಡದ ಹೋದ್ವು ತಂಗಿ" ಎಂದರು. ಸುಳ್ಳು ಹೇಳಲು ಬಾರದ ಮನುಷ್ಯ. ನಾನು ಅವರ ಖೋಲಿಗೆ ಹೋಗಿ ಹುಡುಕಿ ಒಂದು ಪ್ಲೇಟು ತೆಗೆದೆ. ಲಂಗ ಇತ್ತು, ಕೈಬಳೆ ಇತ್ತು, ಕುತ್ತಿಗೆಯ ಮೇಲೆ ಬರೀ ಹೊಗೆ. "ಇದಕ್ಕ ಹೇಳಿರಲಿಲ್ಲ ನಾ" ಎಂದು ಕಾಕಾ ಅದನ್ನು ಕಸಿದುಕೊಂಡರು. "ಭಿಂಗಕ್ಕ ಮುಪ್ಪ ಬಂದೈತಿ ನೀಲವ್ವಾ. ಹೊಸಾ ಭಿಂಗ ಆದ್ರ ಕಣ್ಣ ಪಿಳಕಿಸೂದ್ರಾಗ ಮಾರಿ ಹಿಡೀತೈತಿ." ಕ್ಯಾಮೆರಾದ ಮೂತಿಯಲ್ಲಿದ್ದ ಹಿತ್ತಾಳೆ ಕೊಳವೆಯ ಗಾಜಿಗೆ ಅವರು ಭಿಂಗ ಅನ್ನುತ್ತಿದ್ದರು.

ಹಾಗಾದರೆ ಭಿಂಗ ತರಿಸಿದರಾಯಿತಲ್ಲ! ಅಲ್ಲೇ ಇತ್ತು ತೊಡಕು. ಪೆಟ್ಟಿಗೆಗೂ ಮುಪ್ಪು ಬಂದಿತ್ತು. ಅದರ ನಡುವೆ ಕಮ್ಮಾರನ ತಿದಿಯ ಹಾಗಿದ್ದ ಚರ್ಮದ ಮಡಿಕೆಗಳು ಬಿರಿದು, ಸಂದಿಯಿಂದ ಬೆಳಕು ನುಗ್ಗಿ ಪ್ಲೇಟು ಕೆಡಿಸುತ್ತಿತ್ತು. ಕಾಕಾ ದೀಪದ ಕಾಡಿಗೆ, ಗೋಂದು, ಕರಿ ಅರಿವೆ ಹಚ್ಚಿ ಹಚ್ಚಿ ಅದು ಫಕೀರನ ಜೋಳಿಗೆಯ ಹಾಗಾಗಿತ್ತು. ಒಮ್ಮೆ ಕುಲಗೋಡದಲ್ಲಿ ತೀರಿಕೊಂಡ ಒಬ್ಬ ಮುದುಕಿಯ ಫೋಟೋದಲ್ಲಿ ತಲೆಯಿಂದ ಮೇಲಕ್ಕೆ ಒಂದು ಬಿಳಿಗೆರೆ ಬಂತು. ಮಕ್ಕಳು, "ನಮ್ಮವ್ವನ ಜೀವ ಬೆಳಕಾಗಿ ಹೊಂಟದ್ದು ಫೋಟೋದಾಗ ಬಂದೈತಿ" ಎಂದು ಕಟ್ಟು ಹಾಕಿಸಿ ಊದಿನಕಡ್ಡಿ ಬೆಳಗಿದರು. ಕಾಕಾಗೆ ಊಟ ಸೇರಲಿಲ್ಲ. ಎಂಟು ದಿನ ತಡೆದು, ಮತ್ತೆ ಕುಲಗೋಡಕ್ಕೆ ಹೋಗಿ, "ಅದು ಜೀವ ಅಲ್ರೆಪಾ, ನನ್ನ ಪೆಟ್ಟಿಗಿ ತೂತು" ಎಂದು ಕೈ ಮುಗಿದರು. ಹಿರಿಯ ಮಗ, "ಆ ತೂತ ದೇವ್ರ ಮಾಡ್ಯಾನ ಬಿಡ್ರಿ ಕಾಕಾ" ಎಂದು ಒಂದು ಚೀಲ ಜೋಳ ಕೊಟ್ಟು ಕಳಿಸಿದನಂತೆ. "ಈ ಸಲ ಗೆರಿ ಮ್ಯಾಲ ಹೋತು. ನಾಳಿ ಮಾರಿ ಮ್ಯಾಲ ಬಂದ್ರ?" ಎಂದು ನನ್ನ ಮುಂದೆ ಒದ್ದಾಡಿದರು.

ಕೈಯಲ್ಲಿ ಕೂಡಿದ್ದ ರೊಕ್ಕ ಎರಡರಲ್ಲಿ ಒಂದಕ್ಕೆ ಮಾತ್ರ ಸಾಕಾಗುತ್ತಿತ್ತು. ಆ ಚಳಿಗಾಲವಿಡೀ ಕಾಕಾ ಪೆಟ್ಟಿಗಿಯೋ ಭಿಂಗವೋ ಎಂದು ಜಪ ಮಾಡಿದರು. ಮೂಡಲಗಿಯಲ್ಲಿದ್ದ ಅಕ್ಕನನ್ನು ಕೇಳಿದರು, ಆಕೆ, "ತೂತ ಕೊಡಕ್ಕ ಬಂಗಾರದ ಮುಚ್ಚಳ ಯಾಕಪಾ?" ಎಂದಳಂತೆ. ಗೋಕಾಕ ಫಾಲ್ಸಿನ ನೂಲಿನ ಗಿರಣಿಯಲ್ಲಿದ್ದ ಗೆಳೆಯನನ್ನು ಕೇಳಿದರು. ಅವನು ಭಿಂಗ ಎಂದ. ಊರಿನ ಗೊಂಬೆ ಮಾಡುವವರನ್ನು ಕೇಳಿದರು. ಅವರು ಎರಡೂ ಕಟ್ಟಿಗೆಯಲ್ಲಿ ಮಾಡಿಕೊಡುತ್ತೇವೆ ಎಂದು ನಕ್ಕರು. ನನ್ನನ್ನು ಕೇಳಿದಾಗ, "ನನಗೇನ ತಿಳೀತೈತ್ರಿ ಕಾಕಾ" ಎಂದೆ. ಒಳಗೆ ಮಾತ್ರ, ಭಿಂಗ ತರಿಸ್ರಿ, ನಿಮ್ಮ ಕಾಲು ಬೀಳುತ್ತೇನೆ, ಎಂದು ಕೂಗುತ್ತಿದ್ದೆ.

ಕೊನೆಗೆ ಒಂದು ಮುಂಜಾನೆ ಪಡಸಾಲೆಗೆ ಬಂದು ಕೂತರು. "ಬರೀ ನೀಲವ್ವಾ, ಮುಂಬೈ ಅಂಗಡ್ಯಾವ್ರಿಗೆ. ಪೆಟ್ಟಿಗಿ ಕಳಸ್ರಿ ಅಂತ ಬರೀ. ಭಿಂಗ ಮುಂದ ನೋಡೂಣು. ಸತ್ತವ್ರದು ಒಂದ ಸಲ ತಪ್ಪಿದ್ರ ಮತ್ತ ತಗ್ಯಾಕ ಬರೂದಿಲ್ಲ." ಮಾತು ಸರಿಯೇ ಇತ್ತು. ಒಳಗೆ ಕೌದಿಯಲ್ಲಿ ಶಾಂತಾನ ಎದೆ ಸುಂಯ್ ಅನ್ನುತ್ತಿತ್ತು. ನಾನು ಶಾಯಿಯ ದೌತಿಯಲ್ಲಿ ಟಾಕು ಅದ್ದಿದೆ. ಮರಾಠಿಯಲ್ಲಿ ಭಿಂಗ ಎಂದು ಬರೆದೆ.

ಹೌದು, ಬರೆದೆ. ಒಂದು ಅಕ್ಷರವೂ ತಪ್ಪಲಿಲ್ಲ, ಅದೇ ನನಗೆ ಇವತ್ತಿಗೂ ಸೋಜಿಗ. ಓದಿ ಸಹಿ ಮಾಡ್ರಿ ಎಂದು ಕಾಗದ ಮುಂದಿಟ್ಟೆ. ಓದಿದರೆ ಸಿಕ್ಕಿಬೀಳುತ್ತಿದ್ದೆ. ಕಾಕಾ ಕಣ್ಣು ಬೇರೆ ಕಡೆ ಮಾಡಿದರು. "ಓದೂದಿಲ್ಲವ್ವಾ. ಓದಿದ್ರ ಮತ್ತ ಮನಸ್ಸ ತಿರಗತೈತಿ." ಕಣ್ಣು ಮುಚ್ಚಿಕೊಂಡೇ ಸಹಿ ಹಾಕಿ, ನಾನು ಗೋಂದು ಹಚ್ಚಿ ಕೊಟ್ಟ ಪಾಕೀಟು ಅಂಗಿಯ ಕಿಸೆಗೆ ಸೇರಿಸಿ, ಕೀಲಿ ಮೂರು ಸಲ ಜಗ್ಗಿ, ಟಪಾಲಿಗೆ ಹೋದರು.

ಪಾರ್ಸೆಲ್ಲು ಬರುವವರೆಗಿನ ದಿನಗಳು ಆ ಶಿವನಿಗೇ ಗೊತ್ತು. ಬಂದದ್ದು ಒಂದು ಸೇರಿನ ಅಳತೆಯ ಸಣ್ಣ ಗಂಟು. ಕಾಕಾ ಅದನ್ನು ಅಂಗೈಯಲ್ಲಿ ತೂಗಿ ನೋಡಿದರು. ಕ್ಯಾಮೆರಾ ಅಷ್ಟು ಸಣ್ಣದಿರುವುದಿಲ್ಲ ಎಂಬುದು ಯಾರಿಗಾದರೂ ತಿಳಿಯುವಂಥದ್ದು. ನನ್ನ ಕಡೆ ನೋಡಲಿಲ್ಲ. "ಅಂಗಡ್ಯಾವ್ರು ತಪ್ಪ ಮಾಡ್ಯಾರ ಕಾಣತೈತಿ" ಎಂದರು. "ಇರ್ಲಿ, ಬಂದದ್ದ ಬಂತು." ನಾನು ಒಲೆಯ ಮುಂದೆ ಕೂತು ಊದುಗೊಳವೆ ಊದಿದೆ, ಒಲೆ ಚೆನ್ನಾಗಿಯೇ ಉರಿಯುತ್ತಿತ್ತು.

ಮರುದಿನ ಶಾಂತಾನನ್ನು ಅದೇ ಕಟ್ಟೆಯ ಮೇಲೆ ಕೂಡಿಸಿದರು. ಹೊಸ ಭಿಂಗಕ್ಕೆ ಮಂತ್ರದ ಎರಡು ಅಕ್ಷರ ಸಾಕಾಗಿತ್ತು. ಆದರೆ ರೂಢಿ ಎಲ್ಲಿ ಬಿಡುತ್ತದೆ? ಕಾಕಾ ಮುಚ್ಚಳ ತೆಗೆಯುವ ಮುಂಚೆಯೇ ಗಲ್ಲ ಉಬ್ಬಿಸಿ ಕಣ್ಣು ಹಿಗ್ಗಿಸಿ ನಿಂತರು. ಶಾಂತಾ ಕೆಮ್ಮು ಮರೆತು ಬಾಯಿ ತುಂಬ ನಕ್ಕಳು. ಆ ನಗುವೇ ಫೋಟೋದಲ್ಲಿ ಬಂತು: ಮುರಿದ ಹಾಲುಹಲ್ಲು, ಗಲ್ಲದ ಕುಳಿ, ಹುಬ್ಬಿನ ಮೇಲಿನ ಮಚ್ಚೆ, ಎಲ್ಲವೂ ಬಂದಿತ್ತು. ಮೂಲೆಯಲ್ಲಿ ಮಾತ್ರ ತೂತಿನ ಒಂದು ಬಿಳಿ ಗೆರೆ. ಕಾಕಾ ಅದನ್ನು ಬಿಸಿಲಿಗೆ ಹಿಡಿದು ಹತ್ತು ಸಲ ನೋಡಿ, ಓಣಿಗೆಲ್ಲ ತೋರಿಸಿ ಬಂದರು. ಆ ತಿಂಗಳು ಐದಾರು ಮನೆಗಳಿಂದ ಕೂಸುಗಳ ಫೋಟೋಕ್ಕೆ ಕರೆ ಬಂತು. ಹೆಣದ ತವನಪ್ಪ ಎಂಬ ಹೆಸರು ಸ್ವಲ್ಪ ಮಾಸಿತು. ನಾನು ನೆಮ್ಮದಿಯಾಗಿದ್ದೆ ಎಂದರೆ ಸುಳ್ಳಾಗುತ್ತದೆ. ಅವರು ಸತ್ತವರ ಮನೆಗೆ ಹೊರಟಾಗಲೆಲ್ಲ ಆ ತೇಪೆಯ ಪೆಟ್ಟಿಗೆಯನ್ನೇ ನೋಡುತ್ತ ಬಾಗಿಲಲ್ಲಿ ನಿಲ್ಲುತ್ತಿದ್ದೆ.

ಅಂಜಿದ್ದೇ ಆಯಿತು. ಹುಕ್ಕೇರಿಯಲ್ಲಿ ಪ್ರಾಯದ ಒಬ್ಬ ಮನುಷ್ಯ ತೀರಿಕೊಂಡಿದ್ದ. ಕಾಕಾ ಹೋಗಿ ಎರಡು ಪ್ಲೇಟು ತೆಗೆದು ಬಂದರು. ಹೋಗುವಾಗಲೇ ಗಾಡಿಯ ದಾರಿಯಲ್ಲಿ ತಿದಿ ಮಡಿಕೆ ಪೂರ್ತಿ ಹರಿದದ್ದು ಅವರಿಗೆ ತಿಳಿದಿರಲಿಲ್ಲ. ತೊಳೆದಾಗ ಎರಡರಲ್ಲಿಯೂ ಹಾರ ಇತ್ತು, ಅದರ ಮೇಲೆ ಬೆಳ್ಳನೆಯ ಬಯಲು. ಅವನ ಹೆಂಡತಿ ಆರು ತಿಂಗಳ ಬಸುರಿ. ಫೋಟೋ ಒಯ್ಯಲು ತಾನೇ ಅಣ್ಣನ ಜೊತೆ ನಮ್ಮ ಮನೆಗೆ ಬಂದಿದ್ದಳು. ಕೈಯಲ್ಲಿ ಹಿಡಿದು, ಹೊರಳಿಸಿ, ಬೆಳಕಿಗೆ ಹಿಡಿದು, "ಇದ್ರಾಗ ನಮ್ಮವ್ರ ಎಲ್ಲಿ ಅದಾರ್ರಿ?" ಎಂದಳು. ಕಾಕಾ ಆಕೆಯ ಕಾಲು ಮುಟ್ಟಲು ಬಾಗಿದರು. ನಾನು ಬಾಗಿಲ ಹಿಂದೆ ನಿಂತಿದ್ದೆ. ಹೊರಗೆ ಬಂದು ನನ್ನ ತಪ್ಪು ಎನ್ನುವಷ್ಟು ಧೈರ್ಯ ನನಗೆ ಬರಲಿಲ್ಲ, ಸುಡಲಿ ನನ್ನ ಬಾಯಿ!

ಎರಡು ವರ್ಷಕ್ಕೆ ಪೆಟ್ಟಿಗೆಯೂ ಬಂತು. ಹುಕ್ಕೇರಿಯ ಮುಖ ಬರಲಿಲ್ಲ. ಶಾಂತಾನ ಎದೆಯ ಸದ್ದು ತಾನಾಗಿ ನಿಂತಿತು. ದಿನಾ ಕಣ್ಣ ಮುಂದೆ ಜಗಳ ಆಡುತ್ತ, ತಲೆ ತಿನ್ನುತ್ತ ಬೆಳೆದಳು. ಅವಳ ಫೋಟೋ ನನಗೆ ಬೇಕಾಗಲೇ ಇಲ್ಲ. ಬೇಕಾದವಳಿಗೆ ಸಿಗಲಿಲ್ಲ. ಇದನ್ನು ಯಾರಿಗೂ ಹೇಳದೆ, ನಮ್ಮವರಿಗೂ ಹೇಳದೆ, ಹತ್ತು ವರ್ಷ ನುಂಗಿಕೊಂಡಿದ್ದೆ.

ಕಾಕಾನ ಕಣ್ಣಿಗೆ ಪೊರೆ ಬಂದಾಗ ತಮ್ಮನ ಮಗ ನಾಗನೂರಿಗೆ ಕರೆದೊಯ್ಯಲು ಬಂದ. ಸಾಮಾನು ಗಾಡಿಗೆ ಏರಿತು. ಕಟ್ಟೆಯ ಮೇಲೆ ಅವರು ಕೂತಿದ್ದಾಗ ನನಗೆ ತಡೆಯಲಾಗಲಿಲ್ಲ. "ಕಾಕಾ, ಅಂಗಡ್ಯಾವ್ರು ತಪ್ಪ ಮಾಡಿರಲಿಲ್ರಿ. ಪೆಟ್ಟಿಗಿ ಅನ್ನೂ ಜಾಗಾದಾಗ ನಾನ ಭಿಂಗ ಅಂತ ಬರದಿದ್ನಿ. ಹುಕ್ಕೇರಿ ಅಕ್ಕಗ ಗಂಡನ ಮಾರಿ ಇಲ್ಲದಂಗ ಮಾಡಿದಾಕಿ ನಾನು" ಎಂದು ಅತ್ತುಬಿಟ್ಟೆ.

ಕಾಕಾ ಕಾಣದ ಕಣ್ಣಿನಿಂದ ನನ್ನ ಕಡೆ ತಿರುಗಿ ಹೇಳಿದರು: "ಹುಚ್ಚವ್ವಾ, ಮೂರ ಸಲ ಕೀಲಿ ಜಗ್ಗಿ ನೋಡಾಂವ ನಾನು. ಪಾಕೀಟ ಒಡದ ನೋಡದ ಹಾಕಿರತೇನ ಅಂದ್ಕೊಂಡಿಯೇನ? ಟಪಾಲ ಕಚೇರಿ ಮುಂದ ನಿಂತ ಓದಿದ್ನಿ. ಮತ್ತ ಗೋಂದ ಹಚ್ಚಿ ಹಾಕಿದ್ನಿ."

ನನಗೆ ಸಿಟ್ಟು ನೆತ್ತಿಗೇರಿತು. "ಗೊತ್ತಿದ್ದೂ ಹತ್ತ ವರ್ಷ ನನ್ನ ಎದಿ ಸುಟ್ರಲ್ರಿ!"

"ನಂದೂ ಸುಟ್ಟೈತವ್ವಾ" ಎಂದರು. "ನನಗೂ ಒಂದ ನಗೂ ಮಾರಿ ಬೇಕಾಗಿತ್ತು. ನನ್ನ ಕೈಲೆ ಬರ್ಯಾಕ ಆಗಲಿಲ್ಲ. ನೀ ಬರದಿ, ನಾ ಹಾಕಿದ್ನಿ. ಆ ಹೆಣ್ಣಮಗಳ ಋಣ ಇಬ್ರದೂ ಐತಿ."

ಕಟ್ಟೆ ಇಳಿದು ಹೋಗುವಾಗ ಖಾಲಿ ಖೋಲಿಯ ಕೀಲಿಯನ್ನು ತಡವಿ ಹುಡುಕಿ ಒಮ್ಮೆ ಜಗ್ಗಿದರು. ಎರಡನೇ ಸಲ ಜಗ್ಗಲಿಲ್ಲ.

ಮರುವರ್ಷ ನಾಗನೂರಿನಿಂದ ಕಾಕಾ ತೀರಿಕೊಂಡ ಸುದ್ದಿ ಬಂತು. ಜೈನರಲ್ಲಿ ಸತ್ತವರನ್ನು ಕೂಡಿಸಿ ಫೋಟೋ ತೆಗೆಸುವ ಪದ್ಧತಿ ಇಲ್ಲ, ಬದುಕಿದ್ದಾಗ ಅವರದನ್ನು ತೆಗೆಯಲು ಯಾರಿದ್ದರು? ಊರ ತುಂಬ ಅವರು ತೆಗೆದ ಮುಖಗಳಿವೆ, ಅವರ ಮುಖ ಒಂದೂ ಇಲ್ಲ. ಶಾಂತಾ ಮೊನ್ನೆ ಗಂಡನ ಮನೆಯಿಂದ ಬಂದಾಗ ಗೋಡೆಯ ಮೇಲಿನ ಫೋಟೋ ನೋಡಿ, "ಯವ್ವಾ, ಯಾರನ್ನ ನೋಡಿ ಇಷ್ಟ ನಕ್ಕೇನಿ ನಾ?" ಎಂದು ಕೇಳಿದಳು. ನಾನು ಎರಡೂ ಗಲ್ಲ ಉಬ್ಬಿಸಿ, ಕಣ್ಣು ಹಿಗ್ಗಿಸಿ, ಉಸಿರು ಹಿಡಿದು ಅವಳ ಮುಂದೆ ನಿಂತೆ.