ಹುಣಿಸೆ ಹರಾಜಿನ ಅರ್ಜಿಯ ದಿನ ಎದ್ದು ಹೋದದ್ದು

ನನ್ನ ಸೋದರಮಾವನ ಬಲಗೈ ಮುರಿದಾಗ ನಾನು ಅವನ ಕಡೆಗೆ ಓಡಿದೆ ಎಂದು ಬಹಳ ವರ್ಷ ನಂಬಿದ್ದೆ. ಕೇಳಿದವರಿಗೂ ಹಾಗೆಯೇ ಹೇಳುತ್ತಿದ್ದೆ. ಈಗ ಆ ನಂಬಿಕೆ ಉಳಿದಿಲ್ಲ. ನೆನಪಿನಲ್ಲಿರುವ ಚಿತ್ರಗಳನ್ನು ಒಂದೊಂದಾಗಿ ತೆಗೆದು ನೋಡಿದರೆ ಎಲ್ಲದರಲ್ಲೂ ಮಾವ ಒಂದೇ ಅಳತೆಯಲ್ಲಿದ್ದಾನೆ, ಹೆಬ್ಬೆರಳಿನಷ್ಟು. ಓಡುವವನ ಕಣ್ಣಿಗೆ ಎದುರಿನ ಮನುಷ್ಯ ಹೆಜ್ಜೆ ಹೆಜ್ಜೆಗೂ ದೊಡ್ಡವನಾಗಬೇಕು. ಮೊದಲ ಏಟಿನಿಂದ ಕೊನೆಯ ಏಟಿನವರೆಗೆ ಮಾವ ದೊಡ್ಡವನಾಗಲೇ ಇಲ್ಲ. ಅಂದರೆ ನಾನು ರಸ್ತೆಯ ಮೋರಿಯ ಹತ್ತಿರ ನಿಂತೇ ಇದ್ದೆ.

ಅದಕ್ಕೆ ಮುಂಚೆ ನಡೆದದ್ದನ್ನು ಹೇಳಬೇಕು.

ಆಗ ಜಿಲ್ಲಾ ಬೋರ್ಡಿನ ರಸ್ತೆಗಳ ಎರಡು ಕಡೆಗೂ ಹುಣಿಸೆಮರಗಳಿದ್ದವು. ಪ್ರತಿ ವರ್ಷ ಅವುಗಳ ಫಸಲನ್ನು ಬೋರ್ಡು ಹರಾಜು ಹಾಕುತ್ತಿತ್ತು. ಹಾಸನದಿಂದ ಹೊಳೆನರಸೀಪುರದವರೆಗಿನ ಮರಗಳನ್ನು ಮಾವ ನಾನು ಹೈಸ್ಕೂಲಿನಲ್ಲಿದ್ದ ಕಾಲದಿಂದಲೂ ಗುತ್ತಿಗೆ ಹಿಡಿಯುತ್ತಿದ್ದ. ಮಾವ ಸಾಧು ಮನುಷ್ಯನೇನಲ್ಲ. ಬೇರೆಯವರು ಮರ ಹಿಡಿಯಲು ಬಂದರೆ ಹರಾಜಿನ ಅಂಗಳದ ಬಾಗಿಲಲ್ಲೇ ಅವರ ಕುತ್ತಿಗೆಗೆ ಕೈಹಾಕುತ್ತಿದ್ದ. ಒಮ್ಮೆ ಕಾಯಿ ಕದ್ದ ಆಳೊಬ್ಬನಿಗೆ ಅವನು ಒದ್ದದ್ದನ್ನು ನಾನೇ ನೋಡಿದ್ದೇನೆ. ಆ ಆಳು ಮೂರು ದಿನ ರಕ್ತ ಉಚ್ಚೆ ಹೊಯ್ದನಂತೆ.

ಆ ಗುತ್ತಿಗೆಯಲ್ಲಿ ನನ್ನ ತಾಯಿಗೆ ಕಾಲು ಪಾಲು ಇತ್ತು. ನಮ್ಮಪ್ಪ ಸತ್ತ ಮೇಲೆ ತಾಯಿ ತನ್ನ ಒಡವೆ ಮಾರಿ ಹಾಕಿದ ಪಾಲು. ಮೈಸೂರಿನಲ್ಲಿ ನಾನು ತರ್ಕಶಾಸ್ತ್ರ ಓದಿದ್ದು ಹುಣಿಸೆಹಣ್ಣಿನಿಂದ.

ಬಿ.ಎ. ಮುಗಿಸಿ ಅರಕಲಗೂಡಿಗೆ ಬಂದ ಕೆಲವು ವರ್ಷಕ್ಕೆ ನಾನು ಬೋರ್ಡಿಗೆ ಮೆಂಬರಾದೆ. ನಮಗೆ ಕೊಟ್ಟ ನಿಯಮಗಳ ಪುಸ್ತಕವನ್ನು ಪೂರ್ತಿ ಓದಿದವನು ಬಹುಶಃ ನಾನೊಬ್ಬನೇ. ಸಭೆಗೆ ಬಂದ ವಿಷಯದಲ್ಲಿ ಮೆಂಬರಿಗಾಗಲಿ ಅವನ ಹತ್ತಿರದವರಿಗಾಗಲಿ ಲಾಭವಿದ್ದರೆ ಅವನು ಅದನ್ನು ಎದ್ದುನಿಂತು ಹೇಳಬೇಕು, ಆ ವಿಷಯ ಮುಗಿಯುವವರೆಗೆ ಹೊರಗಿರಬೇಕು ಎಂದು ಅದರಲ್ಲಿತ್ತು. ಆ ನಿಯಮವನ್ನು ಯಾರೂ ಪಾಲಿಸಿದ್ದನ್ನು ನಾನು ನೋಡಿರಲಿಲ್ಲ. ಮೆಂಬರೊಬ್ಬರ ಬಾವಮೈದನಿಗೆ ಜಲ್ಲಿ ಕಂಟ್ರಾಕ್ಟು ಕೊಡುವ ದಿನ ಆ ಬಾವಮೈದನೇ ನಮಗೆಲ್ಲ ಕಾಫಿ ತರಿಸಿದ್ದ. ನಾನೂ ಕುಡಿದಿದ್ದೆ.

ಎರಡನೆಯ ಮಹಾಯುದ್ಧ ಶುರುವಾಗಿ ಹುಣಿಸೆಗೂ ಬೆಲೆ ಬಂತು. ಆ ಸಲ ಚನ್ನರಾಯಪಟ್ಟಣದ ಕಂಟ್ರಾಕ್ಟರನೊಬ್ಬ ಪೈಪೋಟಿಗೆ ಬಂದ. ಹರಾಜು ಮಾವನಿಗೇ ನಿಂತಿತು. ಆದರೆ ತನ್ನನ್ನು ಬಾಗಿಲಲ್ಲೇ ತಡೆದರು, ಮರುಹರಾಜು ಮಾಡಬೇಕು ಎಂದು ಕಂಟ್ರಾಕ್ಟರ ಅರ್ಜಿ ಹಾಕಿದ. ಅವನು ಹೇಳಿದ್ದು ನಿಜವೇ ಆಗಿತ್ತು. ಅರ್ಜಿ ಹಾಸನದಲ್ಲಿ ಬೋರ್ಡಿನ ಸಭೆಗೆ ಬಂದ ದಿನ ನಾನು ಎದ್ದುನಿಂತು ಆ ನಿಯಮವನ್ನು ಓದಿ, ಈ ಗುತ್ತಿಗೆದಾರ ನನ್ನ ತಾಯಿಯ ಒಡಹುಟ್ಟಿದವನು, ಆದ್ದರಿಂದ ನಾನು ಹೊರಗೆ ಹೋಗುತ್ತೇನೆ ಎಂದೆ.

"ಕೂತ್ಕಳಯ್ಯ," ಎಂದರು ಪಕ್ಕದಲ್ಲಿದ್ದ ಹಿರಿಯ ಮೆಂಬರು. "ಎಲ್ಲಾರ್ಗೂ ಮಾವಂದ್ರು ಅವ್ರೆ. ನಿಂಗೊಬ್ನಿಗೇ ಅವ್ನೆ ಅನ್ನೋ ಅಂಗಾಡ್ಬ್ಯಾಡ."

ಎಲ್ಲರೂ ನಕ್ಕರು. ನಾನು ಹೊರಗೆ ಬಂದೆ. ತಾಯಿಯ ಕಾಲು ಪಾಲಿನ ಮಾತನ್ನು ಮಾತ್ರ ಹೇಳಲಿಲ್ಲ. ಅದು ಮರೆತುಹೋಯಿತು ಎಂದು ಬರೆಯಬಹುದು. ಆದರೆ ಮೂರು ಹೊತ್ತು ಉಂಡ ಅನ್ನ ಎಲ್ಲಿಂದ ಬಂತೆಂಬುದನ್ನು ಯಾರೂ ಮರೆಯುವುದಿಲ್ಲ.

ಜಗಲಿಯ ಒಂದು ತುದಿಯಲ್ಲಿ ಮಾವನೂ ಅವನ ಆಳುಗಳೂ ಕೂತಿದ್ದರು. ಇನ್ನೊಂದು ತುದಿಯಲ್ಲಿ ಕಂಟ್ರಾಕ್ಟರನ ಕಡೆಯವರು.

"ಯಾಕ್ಲಾ, ಮುಗೀತಾ?" ಎಂದ ಮಾವ.

"ಇಲ್ಲ ಮಾವ. ನಿನ್ ಇಚಾರ ಬಂತು, ಅದುಕ್ಕೇ ಎದ್ದು ಬಂದೆ."

"ನನ್ ಇಚಾರ ಬಂದ್ರೆ ನೀನು ಕೂತ್ಕಬೇಕು ಕಣ್ಲಾ, ಏಳಾದಲ್ಲ."

ಅವನ ಪಕ್ಕ ಕೂತು, ನಿಯಮ ಹೀಗಿದೆ ಎಂದು ವಿವರಿಸಿದೆ. ಅವನು ನನ್ನ ಮಾತು ಕೇಳುತ್ತಿರಲಿಲ್ಲ. ಜಗಲಿಯ ಆ ತುದಿಯವರನ್ನು ನೋಡುತ್ತಿದ್ದ. ಅವರೆಲ್ಲ ನಮ್ಮ ಕಡೆ ತಿರುಗಿದ್ದರು. ಮಾವನ ಪಕ್ಕದಲ್ಲಿ ಕೂತರೂ ತಪ್ಪು ಎಂದುಕೊಂಡು ನಾನು ಎದ್ದು ಪಂಚೆಯ ಧೂಳು ಕೊಡವಿಕೊಂಡು ಅಲ್ಲಿಂದ ನಡೆದು, ಅರಕಲಗೂಡಿನ ಬಸ್ಸು ಹತ್ತಿದೆ. ಧೂಳು ಕೊಡವಿಕೊಂಡದ್ದು ನನಗೆ ನೆನಪಿಲ್ಲ. ಕಂಡವರು ಹೇಳಿದ್ದು.

ನಮ್ಮ ಕಡೆ ಅರಳಿಕಟ್ಟೆಯಲ್ಲಿ ನ್ಯಾಯ ಸೇರಿದರೆ, ಆರೋಪ ಹೊತ್ತವನ ಹಿಂದೆ ಅವನ ನೆಂಟರು ನೆಲದ ಮೇಲೆ ಕೂರುತ್ತಾರೆ. ಅವರು ಮಾತಾಡಬೇಕಾಗಿಲ್ಲ. ಕೂತಿದ್ದರೆ ಸಾಕು, ಯಾರೂ ಅವನ ಮೈಮುಟ್ಟುವುದಿಲ್ಲ. ಅವರು ಎದ್ದು ಬಟ್ಟೆ ಕೊಡವಿ ಹೊರಟರೆ ಅವನನ್ನು ಬಿಟ್ಟುಕೊಟ್ಟ ಹಾಗೆ. ಅವನಿಗೆ ಏನೇ ಆದರೂ ಆ ಮನೆಯಿಂದ ಕೇಳುವವರು ಬರುವುದಿಲ್ಲ. ಚಿಕ್ಕವನಾಗಿದ್ದಾಗ ನಮ್ಮೂರಲ್ಲೇ ನೋಡಿದ್ದೆ. ಒಬ್ಬನ ಅಣ್ಣತಮ್ಮಂದಿರು ಹಾಗೆ ಎದ್ದು ಹೋಗಿ ಇನ್ನೂ ಬೀದಿಯ ತಿರುವು ದಾಟಿರಲಿಲ್ಲ, ಇಲ್ಲಿ ಅವನನ್ನು ಕಲ್ಲುಕಂಬಕ್ಕೆ ಕಟ್ಟಿ ಎಕ್ಕಡದಲ್ಲಿ ಬಾಯಿಗೆ ಹೊಡೆದರು. ಅವನು ಉಗಿದಾಗ ಎಂಜಲಿನ ಜೊತೆ ಎರಡು ಹಲ್ಲು ಬಿದ್ದವು. ಇಷ್ಟು ಗೊತ್ತಿದ್ದವನು ಹಾಸನದ ಜಗಲಿಯಿಂದ ಹೇಗೆ ಎದ್ದು ಹೋದೆ? ಬೋರ್ಡಿನ ಕಟ್ಟಡಕ್ಕೆ ಹೆಂಚು ಹಾಕಿತ್ತು, ಕುರ್ಚಿಗಳಿದ್ದವು. ಅದು ಅರಳಿಕಟ್ಟೆಯಲ್ಲ ಎಂದುಕೊಂಡೆನೋ ಏನೋ.

ಬೋರ್ಡು ಅರ್ಜಿಯನ್ನು ತಳ್ಳಿಹಾಕಿತು. ಮರಗಳು ಮಾವನಿಗೇ ಉಳಿದವು. ನಿಯಮ ಪಾಲಿಸಿದ್ದರಿಂದ ಯಾರಿಗೂ ಕೆಡುಕಾಗಲಿಲ್ಲ ಎಂದು ನಾನು ಹಿಗ್ಗಿದೆ.

ಕಾಯಿ ಬಡಿಯಲು ಶುರುಮಾಡಿದ ವಾರ ತಾಯಿಯ ಮಾತಿಗೆ ಮಾವನನ್ನು ನೋಡಲು ಹೋದೆ. ಹೊಳೆನರಸೀಪುರ ಇನ್ನೂ ಎರಡು ಮೈಲಿ ಇರುವಾಗ ಮೋರಿಯ ಹತ್ತಿರ ಬಸ್ಸು ಇಳಿದೆ. ಬೆಳಗ್ಗೆ ಎಂಟರ ಹೊತ್ತು. ಮುಂದೆ ರಸ್ತೆಯಲ್ಲಿ ಮಾವ ಮೇಲೆ ನೋಡುತ್ತ ನಿಂತಿದ್ದ. ಮರದ ಮೇಲೆ ಇಬ್ಬರು ಕೊಂಬೆ ಕುಲುಕುತ್ತಿದ್ದರು, ಕೆಳಗೆ ಹೆಂಗಸರು ಕಾಯಿ ಆಯುತ್ತಿದ್ದರು. ರಾಗಿ ಹೊಲದ ಕಡೆಯಿಂದ ಹತ್ತು ಹನ್ನೆರಡು ಜನ ಬಂದರು. ಅವರು ಆಯುಧ ತಂದಿರಲಿಲ್ಲ. ಮರಕ್ಕೆ ಒರಗಿಸಿಟ್ಟಿದ್ದ ಹುಣಿಸೆ ಬಡಿಯುವ ಬಿದಿರು ಗಳಗಳನ್ನೇ ತೆಗೆದುಕೊಂಡರು.

ಮೊದಲು ಮರದ ಮೇಲಿದ್ದವರ ಕಾಲಿಗೆ ಬಡಿದರು. ಒಬ್ಬ ಬೆನ್ನು ಕೆಳಗಾಗಿ ರಸ್ತೆಗೆ ಬಿದ್ದ. ಮಾವ ಒಬ್ಬನ ಮೂಗಿಗೆ ತಲೆಯಿಂದ ಡಿಕ್ಕಿ ಹೊಡೆದ, ಇನ್ನೊಬ್ಬನ ಕೈಯಿಂದ ಗಳ ಕಿತ್ತುಕೊಂಡ. ಆಮೇಲೆ ಐದಾರು ಗಳಗಳು ಒಟ್ಟಿಗೆ ಅವನ ಮೇಲೆ ಇಳಿದವು. ತಲೆ ಉಳಿಸಿಕೊಳ್ಳಲು ಅವನು ಬಲಗೈ ಎತ್ತಿದ. ಮೊಣಕೈ ಮುರಿದ ಸದ್ದು ಒಣ ಕೊಂಬೆ ಮುರಿದಂತಿತ್ತು ಎಂದು ನಾನು ಹೇಳುತ್ತ ಬಂದಿದ್ದೇನೆ. ಅಷ್ಟು ದೂರಕ್ಕೆ ಅದು ಕೇಳಿಸಲು ಸಾಧ್ಯವಿಲ್ಲ. ಆದರೆ ಒಬ್ಬ ಕೂಗಿದ ಮಾತು ಖಂಡಿತ ಕೇಳಿಸಿತು.

"ನಿನ್ ಅಳೀನೇ ಬಟ್ಟೆ ಕೊಡುವ್ಕಂಡು ಎದ್ದೋದ್ನಲ್ಲೋ! ಇನ್ನ್ಯಾರವ್ರೆ ಬುಡಸ್ಕಳಾಕೆ? ಕರೀಲಾ, ಕರಿ!"

ಮಾವ ಯಾರನ್ನೂ ಕರೆಯಲಿಲ್ಲ. ಅವನು ಬಿದ್ದ ಮೇಲೂ ಹೊಡೆದರು. ಚೆಲ್ಲಿದ್ದ ಕಾಯಿಗಳ ಮೇಲೆ ಅವನನ್ನು ಕಾಲಿನಿಂದ ಉರುಳಿಸಿದರು. ಅವರು ಹೋದ ಮೇಲೆ ನಾನು ಹತ್ತಿರ ಹೋದೆ. ಹುಣಿಸೆ ಸಿಪ್ಪೆಯ ಚೂರುಗಳು ಅವನ ಮುಖದ ಗಾಯಗಳಿಗೆ ಮೆತ್ತಿಕೊಂಡಿದ್ದವು. ಗಾಡಿಯಲ್ಲಿ ಮಲಗಿಸಿ ಹೊಳೆನರಸೀಪುರದ ಆಸ್ಪತ್ರೆಗೆ ಕರೆದುಕೊಂಡು ಹೋದೆವು. ದಾರಿಯುದ್ದಕ್ಕೂ ಅವನು ಆ ಕಂಟ್ರಾಕ್ಟರನ ತಾಯಿಯನ್ನು ಬೈದ, ಅಜ್ಜಿಯನ್ನು ಬೈದ. ನನ್ನನ್ನು ಬೈಯಲಿಲ್ಲ.

ನಾಲ್ಕನೆಯ ದಿನ ಆಸ್ಪತ್ರೆಯಲ್ಲಿ ಸುದ್ದಿ ಹೇಳಿದೆ. ಹುಣಿಸೆ ಗುತ್ತಿಗೆದಾರ ರಸ್ತೆಯಲ್ಲಿ ಹೊಡೆದಾಟ ಮಾಡಿಸುತ್ತಾನೆ, ಅವನ ಗುತ್ತಿಗೆ ರದ್ದುಮಾಡಿ ಎಂದು ಕಂಟ್ರಾಕ್ಟರ ಬೋರ್ಡಿಗೆ ಮತ್ತೆ ಅರ್ಜಿ ಕೊಟ್ಟಿದ್ದ.

"ಮರ ಓದ್ರೆ ಓಗ್ಲಿ ಬುಡು," ಎಂದ ಮಾವ. "ಅವ್ರು ಮತ್ತೆ ಬತ್ತಾರೆ ಕಣ್ಲಾ. ಈ ಸಲ ಕೈ, ಇನ್ನೊಂದ್ಸಲ ತಲೆ. ಯಾಕೇಳು? ಕೇಳೋರಿಲ್ಲ ಅಂತ ಗೊತ್ತಾಗೈತೆ."

"ನಾನು ಪೋಲೀಸ್ನೋರ್ಗೆ ಹೇಳಿಕೆ ಕೊಟ್ಟಿದೀನಿ ಮಾವ."

"ಪೋಲೀಸ್ನೋನು ನನ್ ತಂಗಿ ಮಗ್ನಾ? ಆವತ್ತು ನೀನು ಏಳ್ಬ್ಯಾಡ. ನಂಗೆ ನಿನ್ ಓಟೂ ಬ್ಯಾಡ, ಗೀಟೂ ಬ್ಯಾಡ. ಕೂತಿರು, ಅಷ್ಟೆ. ನಾನು ಜಗಲೀಲಿ ಕೂತು ಬಾಗ್ಲು ನೋಡ್ತಿರ್ತೀನಿ. ಅವ್ರೂ ನೋಡ್ತಿರ್ತಾರೆ."

ಅವನ ಪ್ರಾಣ ನಾನು ಕೂರುವುದರ ಮೇಲೆ ನಿಂತಿದೆ ಎಂಬ ಮಾತನ್ನು ತರ್ಕ ಓದಿದ ನಾನು ಒಪ್ಪಬಾರದಿತ್ತು. ಆದರೆ ನನ್ನ ಎದುರಿಗೇ ಆ ಕೈ ಮರದ ಪಟ್ಟಿಯ ಮೇಲೆ ಕುಂಬಳಕಾಯಿಯ ಹಾಗೆ ಊದಿಕೊಂಡು ಮಲಗಿತ್ತು.

ಸಭೆಯ ದಿನ ಮಾವ ಕೈಯನ್ನು ಕುತ್ತಿಗೆಗೆ ಕಟ್ಟಿಕೊಂಡು ಜಗಲಿಗೆ ಬಂದು ಕೂತ. ಎದುರು ತುದಿಯಲ್ಲಿ ಕಂಟ್ರಾಕ್ಟರನ ಜನ. ಅವರಲ್ಲಿ ಮಾವನನ್ನು ಹೊಡೆದ ಇಬ್ಬರ ಮುಖ ನನಗೆ ಗುರುತು ಸಿಕ್ಕಿತು. ಅವರು ಜಾಮೀನಿನ ಮೇಲೆ ಹೊರಗಿದ್ದರು.

ಆ ವಿಷಯ ಬಂದಾಗ ನಾನು ಎದ್ದುನಿಂತು ಈ ಸಲ ಪೂರ್ತಿ ಹೇಳಿದೆ. ಇವನು ನನ್ನ ಸೋದರಮಾವ. ಗುತ್ತಿಗೆಯಲ್ಲಿ ನನ್ನ ತಾಯಿಗೆ ಕಾಲು ಪಾಲಿದೆ. ಹಿಂದಿನ ಸಭೆಯಲ್ಲಿ ಅದನ್ನು ಮುಚ್ಚಿಟ್ಟಿದ್ದೆ. ನಾನು ಓದಿದ್ದು ಆ ಮರಗಳಿಂದ. ಮಾತಾಡುವುದಿಲ್ಲ, ಓಟು ಹಾಕುವುದಿಲ್ಲ. ಆದರೆ ಹೊರಗೆ ಹೋಗುವುದಿಲ್ಲ. ಇಷ್ಟು ಹೇಳಿ ಕೂತೆ.

ಅಧ್ಯಕ್ಷರು ನಿಯಮದ ಪುಸ್ತಕ ತೆಗೆದರು. "ಇದನ್ನ ನಮಗೆ ಓದಿ ಹೇಳಿದವರೇ ನೀವು. ದಯವಿಟ್ಟು ಹೊರಗೆ ಹೋಗಿ."

"ಹೋಗಲ್ಲ ಸ್ವಾಮಿ. ಬೇಕಾದರೆ ಎತ್ತಿಹಾಕಿಸಿ."

"ಆವತ್ತು ಕೂತ್ಕ ಅಂದ್ರೆ ಎದ್ದ, ಇವತ್ತು ಏಳು ಅಂದ್ರೆ ಕೂತವ್ನೆ," ಎಂದರು ಅದೇ ಹಿರಿಯ ಮೆಂಬರು. "ಬಿ.ಎ. ಅಂದ್ರೆ ಇದೇಯ!"

ಈ ಸಲ ಯಾರೂ ನಗಲಿಲ್ಲ. ಅಧ್ಯಕ್ಷರು ಜವಾನರನ್ನು ಕರೆದರು. ಇಬ್ಬರು ಬಂದು ರಟ್ಟೆ ಹಿಡಿದರು. ನಾನು ಮೇಜಿನ ಕಾಲನ್ನು ತಬ್ಬಿಕೊಂಡೆ. ಕಂಟ್ರಾಕ್ಟರನ ಕಡೆಯ ಮೆಂಬರೊಬ್ಬ ಬಂದು ನನ್ನ ಬೆರಳುಗಳನ್ನು ಒಂದೊಂದಾಗಿ ಹಿಂದಕ್ಕೆ ಬಗ್ಗಿಸಿದ. ಮೇಜು ಅಲುಗಾಡಿ ಮಸಿಕುಡಿಕೆ ಉರುಳಿತು. ನಾನು ಅವನ ಮುಂಗೈ ಕಚ್ಚಿದೆ ಎಂದು ಅವರು ಹೇಳುತ್ತಾರೆ. ನನಗೆ ಅದು ನೆನಪಿಲ್ಲ. ಆದರೆ ಬಾಯಿಯಲ್ಲಿದ್ದ ಉಪ್ಪು ರುಚಿ ನೆನಪಿದೆ, ನನ್ನ ಬಾಯಿಗಂತೂ ಆಗ ಏಟು ಬಿದ್ದಿರಲಿಲ್ಲ. ಅದು ಬಿದ್ದದ್ದು ಆಮೇಲೆ, ಅವನ ಇನ್ನೊಂದು ಕೈಯಿಂದ. ಕೋಟಿನ ತೋಳು ಹೆಗಲಲ್ಲೇ ಕಿತ್ತುಬಂತು. ಹೊಸ್ತಿಲಲ್ಲಿ ಬಾಗಿಲ ಚೌಕಟ್ಟು ಹಿಡಿದುಕೊಂಡೆ. ಜವಾನ "ಬುಟ್ಬುಡಿ ಸಾ, ನಿಮ್ ಕಾಲ್ಗ್ ಬೀಳ್ತೀನಿ," ಎನ್ನುತ್ತಲೇ ಮಂಡಿಯಿಂದ ನನ್ನ ಬೆನ್ನಿಗೆ ತಿವಿದ. ಜಗಲಿಯ ಕಲ್ಲಿನ ಮೇಲೆ ಮುಖ ಅಡಿಯಾಗಿ ಬಿದ್ದೆ. ಹಿಂದೆ ಬಾಗಿಲು ಹಾಕಿಕೊಂಡಿತು.

ಎಷ್ಟೋ ವರ್ಷದ ಮೇಲೆ ಬೋರ್ಡಿನ ನಡಾವಳಿ ಪುಸ್ತಕವನ್ನು ತೆಗೆಸಿ ಓದಿದೆ. ಮೊದಲ ಸಭೆಯಲ್ಲಿ ನಾನು ಎದ್ದು ಹೋದದ್ದು ಅದರಲ್ಲಿಲ್ಲ. ಹಾಜರಿದ್ದವರ ಪಟ್ಟಿಯಲ್ಲಿ ನನ್ನ ಹೆಸರಿದೆ, ಅಷ್ಟೆ. ಬೋರ್ಡಿನ ಮಟ್ಟಿಗೆ ನಾನು ಆ ದಿನ ಪೂರ್ತಿ ಒಳಗೇ ಕೂತಿದ್ದೆ. ಎದ್ದು ಹೋದದ್ದನ್ನು ಮನಸ್ಸಿಗೆ ಹಾಕಿಕೊಂಡವರು ಜಗಲಿಯಲ್ಲಿದ್ದವರು ಮಾತ್ರ.

ಜಗಲಿಯ ಮೇಲೆ ತಲೆಯೆತ್ತಿ ನೋಡಿದಾಗ ಮಾವ ಎದ್ದುನಿಂತಿದ್ದ. ನನ್ನ ಹತ್ತಿರ ಬರಲಿಲ್ಲ. ಕಂಟ್ರಾಕ್ಟರನ ಜನರ ಕಡೆಗೆ ತಿರುಗಿ ಎಡಗೈಯಿಂದ ನನ್ನನ್ನು ತೋರಿಸಿ, "ನೋಡ್ಕಳ್ರಲಾ," ಎಂದ. "ಎದ್ ಬಂದಿಲ್ಲ. ಎತ್ತಾಕವ್ರೆ."

ನಾನು ತೆವಳಿಕೊಂಡು ಹೋಗಿ ಅವನ ಹಿಂದೆ ನೆಲದ ಮೇಲೆ ಕೂತೆ. ಧೂಳು ಕೊಡವಿಕೊಳ್ಳಲಿಲ್ಲ. ತುಟಿಯಿಂದ ರಕ್ತ ಅಂಗಿಯ ಮೇಲೆ ತೊಟ್ಟಿಕ್ಕುತ್ತಿತ್ತು, ಒರೆಸಿಕೊಳ್ಳಲು ಹೋದಾಗ ಮಾವ ತಿರುಗದೆಯೇ "ಇರ್ಲಿ ಬುಡು" ಎಂದ. ಆ ತುದಿಯಲ್ಲಿ ಅವರು ತಮ್ಮತಮ್ಮಲ್ಲೇ ಏನೋ ಪಿಸುಗುಟ್ಟಿದರು. ಗುರುತು ಸಿಕ್ಕ ಇಬ್ಬರಲ್ಲಿ ಒಬ್ಬ ಎದ್ದು ಬೀಡಿ ಹಚ್ಚಿಕೊಳ್ಳುವ ನೆಪದಲ್ಲಿ ರಸ್ತೆಗೆ ಇಳಿದ. ಸ್ವಲ್ಪ ಹೊತ್ತಿಗೆ ಇನ್ನೊಬ್ಬನೂ ಅವನ ಹಿಂದೆಯೇ ಹೋದ.

ಒಳಗೆ ಗುತ್ತಿಗೆ ರದ್ದಾಯಿತು. ಮರಗಳು ಚನ್ನರಾಯಪಟ್ಟಣದವನ ಪಾಲಾದವು. ಮಾವನ ಬಲಗೈ ಮತ್ತೆ ನೆಟ್ಟಗಾಗಲಿಲ್ಲ, ಕೊನೆಯವರೆಗೂ ಎಡಗೈಯಲ್ಲೇ ಉಂಡ. ಅವನ ಮೈಮುಟ್ಟಲು ಮಾತ್ರ ಮತ್ತೆ ಯಾರೂ ಬರಲಿಲ್ಲ. ಅದಕ್ಕೆ ನಾನು ಕೂತದ್ದು ಕಾರಣವೋ, ಅವರಿಗೆ ಬೇಕಾದ ಮರಗಳು ಸಿಕ್ಕಿದ್ದು ಕಾರಣವೋ ನನಗೆ ಗೊತ್ತಿಲ್ಲ. ಒಮ್ಮೆ ಮಾವನನ್ನೇ ಕೇಳಿದೆ. ಅವನು ಎಡಗೈಯಲ್ಲಿ ಮುದ್ದೆ ಮುರಿಯುತ್ತ, "ನೀನು ಆ ಮೋರಿತಾವಿಂದ ಒಂದ್ಸಲ ಓಡ್ಬಂದಿದ್ರೆ ಈ ಕೈನೂ ಉಳೀತಿತ್ತು ಕಣ್ಲಾ," ಎಂದ.

ನಾನು ನಿಂತಿದ್ದ ಜಾಗವನ್ನು ಅವನು ಏಟು ತಿನ್ನುತ್ತಲೇ ನೋಡಿದ್ದ.