ಟವೆಲ್ ಅಡಿಯ ಬೀಡಿ ವ್ಯಾಪಾರ

ಬೀಡಿ ಹೊಗೆಯನ್ನು ಮನೆಯಿಂದ ಓಡಿಸಲು ನನಗೆ ಬಿದ್ದ ಖರ್ಚು ಒಂದು ಹಗ್ಗದ ಮಂಚ, ಎರಡು ಅಂಗಿ, ಮತ್ತು ಚೌಕಾಸಿಯಲ್ಲಿ ನನ್ನನ್ನು ಮೀರಿಸೋರಿಲ್ಲ ಅನ್ನುವ ಜಂಬ. ಮಗಳ ಉಸಿರಿಗಾಗಿ ಕೊಟ್ಟೆ, ಅಗ್ಗವೇ ಬಿತ್ತು.

ನ್ಯಾಮತಿಯಲ್ಲಿ ನನ್ನದು ಪಾತ್ರೆ ಅಂಗಡಿ. ಸವಳಂಗದ ಬೀದಿಗಳಲ್ಲಿ ಬುಟ್ಟಿ ಹೊತ್ತು ಕೂಗಿ ಕಟ್ಟಿದ್ದು. ಮಾವ, ಅಂದರೆ ನನ್ನ ಗಂಡನ ಅಪ್ಪ, ಜಗಳೂರಿನಿಂದ ಚನ್ನಗಿರಿವರೆಗೆ ದನದ ಸಂತೆಗಳಲ್ಲಿ ದಲ್ಲಾಳಿಯಾಗಿದ್ದವರು. ಯಾರಿಗೂ ಕಾಣದಂತೆ ಟವೆಲ್ ಅಡಿ ಬೆರಳು ಹಿಡಿದು, ಬೆರಳಿನ ಲೆಕ್ಕದಲ್ಲೇ ರೇಟು ಕುದುರಿಸೋರು. ಕುದುರಿದ ಮೇಲೆ ಮಾತು ತಪ್ಪಿದವರಲ್ಲ. ಬಾಯಲ್ಲಿ ಸದಾ ಬೀಡಿ. ನನ್ನ ಆರು ವರ್ಷದ ಮಗಳಿಗೆ ಉಬ್ಬಸ. ಕುಂಟೆಬಿಲ್ಲೆ ಆಡುವಾಗ ಮೂರನೇ ಅಂಕಣಕ್ಕೇ ಎದೆ ಸುಂಯ್‌ಗುಟ್ಟಿ ಕೂತುಬಿಡೋಳು.

ಹೊನ್ನಾಳಿಯ ಡಾಕ್ಟರು ಬಾಯಿಗಿಟ್ಟು ಔಷಧ ಎಳೆಯುವ ಪಂಪ್ ಬರೆದುಕೊಟ್ಟು, "ಮನೇಲಿ ಯಾರು ಸೇದ್ತಾರೆ?" ಎಂದರು. ಬಂದವಳೇ ಮಾವನ ಮುಂದೆ ಕೂತೆ.

"ದಿನಕ್ಕೆ ಎರಡು ಕಟ್ಟು ಸೇದಿದ್ದು ಸಾಕು ಮಾವ. ಐದು ಬೀಡಿಗೆ ಇಳೀರಿ."

"ಕರುವಿನ ರೇಟಿಗೆ ಎತ್ತು ಕೇಳಾಕೆ ಬಂದೀಯೇನವ್ವ! ಹನ್ನೆರಡು."

ಎಂಟಕ್ಕೆ ಮುಗಿಸಿದೆ, ಅದೂ ಕಿಟಕಿ ಪಕ್ಕ ಕೂತು ಸೇದಬೇಕು ಅಂತ. ಆದರೂ ಮಗಳ ಸುಂಯ್‌ಸುಂಯ್ ನಿಲ್ಲಲಿಲ್ಲ. ನನ್ನ ಸಾಹಸ ಕೇಳಿ ಡಾಕ್ಟರು ಹಣೆ ಚಚ್ಚಿಕೊಂಡರು: "ಹೊಗೆಗೆ ರಿಯಾಯಿತಿ ಇಲ್ಲಮ್ಮ. ಮನೆಯೊಳಗೆ ಒಂದೂ ಬೇಡ."

ಆ ಸಂಜೆ ಮಾವನ ಹತ್ತಿರ ನಾನು ಬಾಯೇ ಬಿಡಲಿಲ್ಲ. ಮಗಳ ಕಿವಿಯಲ್ಲಿ ಒಂದು ಮಾತು ಊದಿದೆ, ಅಷ್ಟೇ. ಟವೆಲ್ ವ್ಯಾಪಾರವನ್ನು ಅಜ್ಜನೇ ಅವಳಿಗೆ ಆಟಕ್ಕೆ ಕಲಿಸಿದ್ದರು. ಅವಳು ಹೋಗಿ ಟವೆಲ್ ಅಡಿ ಕೈ ತೂರಿಸಿದಳು.

"ಇದೇನೇ, ಬರೀ ಮುಷ್ಟಿ? ಬೆರಳೆಲ್ಲಿ?"

"ಬೆರಳಿಲ್ಲ ಅಜ್ಜ. ಮನೆಯಾಗೆ ಒಂದೂ ಬೀಡಿ ಇಲ್ಲ. ಅದೇ ರೇಟು."

ಅಷ್ಟು ಹೇಳಾಕೆ ಅವಳು ಎರಡು ಸಲ ಉಸಿರೆಳೆದಳು. ಮಾವ ಆ ಮುಷ್ಟಿ ಬಿಡಲಿಲ್ಲ. ಕೊನೆಗೆ ಒತ್ತಿ, "ಆತು" ಅಂದರು. ಆಮೇಲೆ ನನ್ನ ಕಡೆ ತಿರುಗಿ, "ಇವಳು ನಿನಗಿಂತ ಖದೀಮಿ ಕಣವ್ವ!"

ಈಗ ಮಂಚ ರಸ್ತೆಯಾಚೆ ಬೇವಿನ ಮರದಡಿ ಐತೆ. ಸೇದುವ ಅಂಗಿ ಬೇರೆ, ಮೊಮ್ಮಗಳನ್ನು ಎತ್ತುವ ಅಂಗಿ ಬೇರೆ. ಮಳೆ ಬಂದರೆ ಮಾವ ಬಾಗಿಲಲ್ಲಿ ನಿಂತು ಬೀಡಿ ಮೂಸಿ ಜೇಬಿಗಿಡುತ್ತಾರೆ. ಮಗಳು ಮೊನ್ನೆ ಏಳನೇ ಅಂಕಣ ಮುಟ್ಟಿದಳು.

ನೀವು ಪಾತ್ರೆಗೆ ಚೌಕಾಸಿ ಮಾಡಿ, ಹೊಗೆಗೆ ಬೇಡ. ಕಿಟಕಿಯನ್ನಂತೂ ನಂಬಲೇಬೇಡಿ. ಸೇದುವವರಿಗೆ ದೂರದಲ್ಲೊಂದು ನೆರಳು ಮಾಡಿಕೊಡಿ, ಬಂದಮೇಲೆ ಕೈಬಾಯಿ ತೊಳೆದು ಅಂಗಿ ಬದಲಿಸಲಿ. ಮಗು ಕುಣೀತಾ ಐತೆ ಅಂತ ಡಾಕ್ಟರನ್ನು ಕೇಳದೆ ಪಂಪ್ ಬಿಡಿಸಬೇಡಿ. ಹಿರಿಯರು ಜಗ್ಗದಿದ್ದರೆ ನೀವು ಹಿಂದೆ ಸರಿದು, ಮಗುವಿನ ಕೈ ಮುಂದೆ ಕಳಿಸಿ.