ನಾತ ಎಂದು ಬರೆಯದ ಅಣ್ಣ

ನಮ್ಮ ಬಾವಿಯ ನೀರನ್ನು ನಾವು ಕೊನೆಯ ಸಲ ಕುಡಿದದ್ದು ಒಂದು ಬುಧವಾರ. ಅಂದೂ ಬೊಮ್ಮಣ್ಣ ಎಂದಿನಂತೆ ಕೊಡದಿಂದ ಒಂದು ಬೊಗಸೆ ನೀರೆತ್ತಿ, ಬಾಯಲ್ಲಿ ಆ ಕಡೆ ಈ ಕಡೆ ಹೊರಳಿಸಿ, ಕಣ್ಣು ಮುಚ್ಚಿ ತೀರ್ಪು ಕೊಟ್ಟ: "ನೆನ್ನೆಗಿಂತ ಚಿಟಿಕೆ ಸಪ್ಪೆ. ಸುರುಳಿ ಬೆಟ್ಟದ ಕಡೆ ಮಳೆ ಬಿದ್ದದೆ." ಮದುವೆ ಮನೆಯ ಸಾರನ್ನು ಹೀಗೆ ರುಚಿ ನೋಡುವವರುಂಟು. ನೀರನ್ನು ನೋಡುತ್ತಿದ್ದವನು ನನ್ನ ಅಣ್ಣ ಒಬ್ಬನೇ. ತೀರ್ಪು ಕೊಡೆಂದು ಯಾರೂ ಕೇಳಿರಲಿಲ್ಲ. ಅವನು ಒಂದು ದಿನವೂ ತಪ್ಪಿಸಿರಲಿಲ್ಲ.

ಗುರುವಾರ ಬೊಗಸೆ ಎತ್ತಿದವನು ಉಗಿದ.

"ತಂಗಚ್ಚಿ, ಈ ನೀರ ಮೋಟಾರು ಬಂಡಿಗೆ ಹುಯ್ದ್ರೆ ಕಂಬಂ ಮುಟ್ಟಿ ತಿರುಗಿ ಬತ್ತದೆ."

ಬಾವಿಯಿಂದ ನೂರು ಹೆಜ್ಜೆ ಮೇಲಕ್ಕೆ, ಕಂಬಂ ಪಟ್ಟಣಕ್ಕೆ ಹೋಗುವ ರಸ್ತೆಯ ಮಗ್ಗುಲಲ್ಲಿ ಪೆಟ್ರೋಲ್ ಬಂಕ್. ನೆಲದಡಿಯ ಟ್ಯಾಂಕು ಸೋರುತ್ತಿದೆ ಎಂದು ತಿಳಿಯಲು ಯಾವ ವಿಜ್ಞಾನಿಯೂ ಬೇಕಿರಲಿಲ್ಲ, ಮೂಗಿದ್ದರೆ ಸಾಕಿತ್ತು. ಬಂಕಿನ ಯಜಮಾನರು ಮಾತ್ರ ನಕ್ಕರು. "ಅಣ್ಣೇ, ಇವತ್ತಿನ ರೇಟಿಗೆ ಪೆಟ್ರೋಲ್ ಸೋರೋಕೆ ಬಿಡ್ತೀನಾ?"

"ಅದ ನಿಮ್ಮ ಟ್ಯಾಂಕಿಗೆ ಸೊಲ್ಲಿ," ಎಂದ ಅಣ್ಣ.

ನಮ್ಮ ಬೀದಿಯ ಮನೆಗಳಿಗೆಲ್ಲ ಅದೊಂದೇ ಕುಡಿಯುವ ಬಾವಿ. ಹಾಗಾಗಿ ಅಣ್ಣ ಅರ್ಜಿ ಬರೆದ. ದ್ರಾಕ್ಷಿ ಚಪ್ಪರಕ್ಕೆ ತಂತಿ ಬಿಗಿಯುವುದು ಅವನ ಕಸುಬು. ನಾಯಿಯನ್ನು ಓಡಿಸುವಾಗಲೂ "ಆಚೆ ಹೋಗಪ್ಪಾ" ಎನ್ನುವಷ್ಟು ಮರ್ಯಾದೆ. ನೀರು ನಾರುತ್ತಿದೆ ಎಂದು ದೊಡ್ಡವರಿಗೆ ಬರೆಯುವುದು ಅವನಿಗೆ ಒರಟೆನಿಸಿತು. "ನೀರಿನಲ್ಲಿ ವಾಸನೆ ಬರುತ್ತಿದೆ" ಎಂದು ನಯವಾಗಿ ತಮಿಳಿನಲ್ಲಿ ಬರೆದ. ನಮ್ಮ ಮನೆಮಾತಾದ ಕನ್ನಡದಲ್ಲಿ ಕೊಳೆತದ್ದರಿಂದ ಬರುವುದೂ ವಾಸನೆಯೇ. ತಮಿಳಿನಲ್ಲಿ ಅದು ಮಲ್ಲಿಗೆಯಿಂದ ಬರುವಂಥದ್ದು. ತಲೆತಲಾಂತರದಿಂದ ಈ ತಮಿಳು ನೆಲದಲ್ಲಿದ್ದೇವೆ. ಅಣ್ಣ ತಮಿಳಿನಲ್ಲಿ ಚೌಕಾಸಿ ಮಾಡಿದವನು, ಜಗಳವಾಡಿದವನು. ಮರ್ಯಾದೆ ತೋರಿಸುವ ಹೊತ್ತಿಗೆ ಸರಿಯಾಗಿ ಮನೆಮಾತು ಜಾರಿ ಬಂತು.

ತೇನಿಯ ಜಿಲ್ಲಾ ಕಚೇರಿಯಲ್ಲಿ ಸಾಹೇಬರು ಓದಿ ಸಂತೋಷಪಟ್ಟರು. "ಎನ್ನಯ್ಯಾ, ಕೆಣತ್ತು ತಣ್ಣಿ ವಾಸನೆಯಾ ಇರುಕ್ಕಾ? ಕುಡುತ್ತು ವಚ್ಚವನ್!" ಬಾವಿಯ ನೀರೇ ಘಮಘಮಿಸುತ್ತದೆಯೆಂದರೆ ನೀನು ಪುಣ್ಯವಂತ ಎಂದು ಹರಸಿ, ಕ್ರಮದ ಅಗತ್ಯವಿಲ್ಲ ಎಂದು ಬರೆದು ಕಡತ ಮುಚ್ಚಿದರು.

"ನಾತ ಅಂತಲೇ ಬರಿ," ಎಂದೆ ನಾನು.

"ದೊಡ್ಡವರ ಕೈಗೆ ಕೊಡೋ ಕಾಗಿತದಾಗೆ ನಾತವಾ? ಓದಿದೋರು ಮೂಗು ಮುಚ್ಕೊಳ್ಳಲ್ವಾ?"

"ಮುಚ್ಕೊಳ್ಳಲಿ ಅಂತಾನೇ ಬರೆಯೋದು, ಅಣ್ಣಾ."

ಕೇಳಲಿಲ್ಲ. ಎರಡನೆಯ ಅರ್ಜಿಯಲ್ಲಿ "ಪೆಟ್ರೋಲಿನ ವಾಸನೆ" ಎಂದು ತಿದ್ದಿದ. ಅದೇ ಅವನ ಬಂಡಾಯ.

ಈ ಸಲ ಜೀಪು ಬಂತು. ಇಳಿದವರು ಸೋಡಾ ಬಾಟಲಿಯಲ್ಲಿ ಅರ್ಧ ನೀರು ತುಂಬಿಸಿ ಬಿಸಿಲಲ್ಲಿಟ್ಟುಕೊಂಡರು. ಬಾಯಿಯವರೆಗೆ ತುಂಬಿಸಿ ಐಸಿನಲ್ಲಿಡದಿದ್ದರೆ ಪೆಟ್ರೋಲು ಗಾಳಿಗೆ ಹಾರಿಹೋಗುತ್ತದೆ ಎಂದು ಯಾರನ್ನೋ ಕೇಳಿ ತಿಳಿದಿದ್ದ ಅಣ್ಣ, ಅದನ್ನು ಕೈಮುಗಿದುಕೊಂಡೇ ಹೇಳಿದ. ಭಯವಾದರೆ ಕಾಯಿಸಿ ಕುಡಿಯಿರಿ ಎಂದು ಅವರು ಸಮಾಧಾನ ಹೇಳಿ ಹೋದರು.

"ಕಾಯ್ಸಬೇಕಂತೆ," ಎಂದ ಅಣ್ಣ. "ಹಂಗಾರೆ ಒಲೆಗೆ ಸೌದೆ ಬ್ಯಾಡ ಬುಡು."

ಮೂರನೆಯ ಅರ್ಜಿಗೆ ದೊಡ್ಡ ಫಲ ಸಿಕ್ಕಿತು. ನೆಲದ ನೀರನ್ನು ಆಗಾಗ ತೆಗೆದು ಪರೀಕ್ಷಿಸಲು ಮೂರು ಪೈಪು ಇಳಿಸಿದರು. ಮೂರನ್ನೂ ಬಂಕಿನ ಮೂಡಲಿಗೆ, ಏರಿನ ಮೇಲೆ, ಬೇವಿನ ಮರದಡಿ ಸಾಲಾಗಿ ನಿಲ್ಲಿಸಿದರು. ನಮ್ಮ ಬಾವಿ ಇರುವುದು ಪಡುವಲಿಗೆ, ಇಳಿಜಾರಿನಲ್ಲಿ.

"ಸಾರ್, ನೀರು ಮ್ಯಾಕ್ಕೆ ಏರಾದಿಲ್ಲ," ಎಂದ ಅಣ್ಣ. "ಪಡುವಲಾಗೆ ಒಂದ್ ಇಳಿಸಿ."

"ಇಲ್ಲಿ ನೆರಳಿದೆ," ಎಂದರು ಸಾಹೇಬರು.

ಅಲ್ಲಿಂದ ಪ್ರತಿ ಪರೀಕ್ಷೆಯಲ್ಲೂ ಆ ಪೈಪುಗಳ ನೀರು ಶುದ್ಧ. ನೀರು ಶುದ್ಧವೆಂದ ಮೇಲೆ ಟ್ಯಾಂಕು ಸೋರುವುದಿಲ್ಲ. ಟ್ಯಾಂಕು ಸೋರದ ಮೇಲೆ ಅದನ್ನು ಅಗೆದು ನೋಡುವ ಮಾತೇ ಇಲ್ಲ. ನಾವು ಮಾತ್ರ ಹಟಕ್ಕೆ ಲಾರಿ ನೀರು ಕುಡಿಯುತ್ತಿದ್ದೆವು. ಜೀಪು ಬಂದಾಗಲೆಲ್ಲ ಅಣ್ಣ ಒಗೆದ ಅಂಗಿ ತೊಟ್ಟು ಇಳಿಜಾರಿನಲ್ಲಿ ಹೋಗಿ ನಿಲ್ಲುತ್ತಿದ್ದ. ಕೂಗಲಿಲ್ಲ, ಅಡ್ಡಗಟ್ಟಲಿಲ್ಲ. ಪೈಪು ಇರಬೇಕಾದ ಜಾಗದಲ್ಲಿ ತಾನೇ ಒಂದು ಪೈಪಿನಂತೆ ನಿಂತಿರುತ್ತಿದ್ದ. ಅವರು ಕೈಬೀಸಿ ಹೋಗುತ್ತಿದ್ದರು. ಇವನೂ ತಿರುಗಿ ಕೈಬೀಸುತ್ತಿದ್ದ. ಅದನ್ನು ನೋಡಿ ನನಗೆ ಮೈ ಉರಿಯುತ್ತಿತ್ತು.

ಅವನು ಹೋದದ್ದು ಎದೆನೋವಿನಿಂದ, ಒಂದು ಮಧ್ಯಾಹ್ನ, ಚಪ್ಪರದ ಕೆಳಗೆ. ನೀರಿಗೂ ಅದಕ್ಕೂ ಸಂಬಂಧವಿಲ್ಲ ಎಂದರು ಡಾಕ್ಟರು. ಇರಲಿಕ್ಕಿಲ್ಲ. ಇನ್ನಷ್ಟು ಒರಟನಾಗಿರಬಾರದಿತ್ತೇ ಎಂದು ಅವನ ಮೇಲೆ ನನಗೆ ಈಗಲೂ ಕೋಪವಿದೆ. ಅದನ್ನು ಬಿಡಲು ಮನಸ್ಸಿಲ್ಲ, ಬಿಟ್ಟರೆ ಕೈಯಲ್ಲಿ ಏನೂ ಉಳಿಯುವುದಿಲ್ಲ.

ತಿಥಿ ಮುಗಿದ ವಾರ ಕಚೇರಿಯಿಂದ ಕಾಗದ ಬಂತು. ಪಡುವಲಲ್ಲಿ ನಾಲ್ಕನೆಯ ಪೈಪು ಬೇಕೆಂದು ಅಣ್ಣ ಬರೆದಿದ್ದ ಕೋರಿಕೆ ಪರಿಶೀಲನೆಯಲ್ಲಿದೆ, ಜಾಗ ತೋರಿಸಲು ಅರ್ಜಿದಾರರು ಖುದ್ದಾಗಿ ಹಾಜರಿರಬೇಕು ಎಂದಿತ್ತು. ನಾನು ಹೋಗಿ, ಅರ್ಜಿದಾರರು ತೀರಿಕೊಂಡರು, ಜಾಗ ನಾನು ತೋರಿಸುತ್ತೇನೆ ಎಂದೆ. ಸಾಹೇಬರು ನಿಜವಾಗಿಯೂ ನೊಂದುಕೊಂಡರು. "ನಲ್ಲ ಮನುಷನ್ಮಾ," ಎಂದರು, ಒಳ್ಳೆಯ ಮನುಷ್ಯನಮ್ಮಾ ಎಂದು. ಆಮೇಲೆ, ಅರ್ಜಿದಾರರಿಲ್ಲದ ಅರ್ಜಿ ನಿಲ್ಲುವುದಿಲ್ಲ, ಹೊಸದಾಗಿ ಮೊದಲಿನಿಂದ ಬರೆದುಕೊಡಿ ಎಂದು ಬಿಳಿ ಹಾಳೆ ಕೊಟ್ಟರು. ಅಲ್ಲೇ ಕುಳಿತು, ನಾತ ಎಂದೇ ಬರೆದುಕೊಟ್ಟೆ.

ಅದಾಗಿ ಎಂಟು ತಿಂಗಳು. ಪಡುವಲ ಕಡೆ ಪೈಪು ಇನ್ನೂ ಇಳಿಸಿಲ್ಲ.